ಮೆಣಸಿನ ಬಳ್ಳಿ ಬಲ್ಲವರಿಗೆ ಫಿಲೋಡೆಂಡ್ರಾನ್ ಹೊಸದಲ್ಲ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಎರಡು ಬಗೆಯ ಬಳ್ಳಿ ಕಣ್ಣಿಗೆ ಬೀಳುತ್ತವೆ. ಅಂಗಳದಾಚೆ ಸಿಲ್ವರ್ ಓಕನ್ನೋ ಹಾಲವಾಣವನ್ನೋ ತಬ್ಬಿ ಮೇಲೇರಿದ್ದು ಮೆಣಸು. ಜಗಲಿಯ ಕುಂಡದಿಂದಲೋ ಶೋಕೇಸಿನ ಮೇಲಿನ ಬಾಟಲಿಯಿಂದಲೋ ಜೋತುಬಿದ್ದದ್ದು, ಹೃದಯದಾಕಾರದ ಎಲೆಯ ಅಲಂಕಾರದ ಬಳ್ಳಿ, ಫಿಲೋಡೆಂಡ್ರಾನ್. ಮೆಣಸಿನ ಬುಡದಲ್ಲಿ ನೀರು ನಿಂತರೆ ಏನಾಗುತ್ತದೆ, ಎಷ್ಟು ನೆರಳು ಬೇಕು, ಯಾವ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ ಎಂದು ಇಲ್ಲಿಯ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಗಲಿಯ ಬಳ್ಳಿಯ ವಿಷಯ ಬಂದ ಕೂಡಲೇ ಅದೇ ಮನೆಯವರು ಮೊಬೈಲು ತೆಗೆದು, ಹಿಮ ಬೀಳುವ ಊರಿನವರು ಮಾಡಿದ ವಿಡಿಯೊ ನೋಡಿ ಅದರಂತೆ ನಡೆಯುತ್ತಾರೆ. ಗಿಡ ಸೊರಗುವುದು ಅಲ್ಲಿಂದ ಶುರು.

ಫಿಲೋಡೆಂಡ್ರಾನಿನ ಹೆಚ್ಚಿನ ಪ್ರಭೇದಗಳು ಮರ ಹತ್ತುವಂಥವೇ. ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳು. 1817ರಿಂದ 1821ರವರೆಗೆ ಬ್ರೆಜಿಲಿನಲ್ಲಿ ಗಿಡ ಸಂಗ್ರಹಿಸಿ, ಮುಂದೆ ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ತೋಟಗಳನ್ನು ನೋಡಿಕೊಂಡ ಹೈನ್ರಿಕ್ ವಿಲ್ಹೆಲ್ಮ್ ಷಾಟ್ ಈ ಕುಲಕ್ಕೆ 1829ರಲ್ಲಿ ಹೆಸರಿಟ್ಟ. ಇದರಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ನರ್ಸರಿಗಳಿಗೆ ಬಂದಿರುವುದು ಬೆರಳೆಣಿಕೆಯಷ್ಟು. ಮೆಣಸಿಗೂ ಇದಕ್ಕೂ ನೆಂಟಸ್ತನವಿಲ್ಲ, ಬಾಳುವ ರೀತಿ ಮಾತ್ರ ಒಂದೇ. ನೆಂಟಸ್ತನ ಇರುವುದು ಕೆಸುವಿನ ಜೊತೆ, ಸುವರ್ಣಗಡ್ಡೆಯ ಜೊತೆ. ಮಳೆಗಾಲದಲ್ಲಿ ಮರದ ಕವಲಿನಲ್ಲಿ ಚಿಗುರಿ ಪತ್ರೊಡೆಗೆ ಒದಗುವ ಮರಗೆಸುವೂ ಇದೇ ಕುಟುಂಬದ್ದು. ಈ ಎರಡು ಮಾತು ತಿಳಿದಿದ್ದರೆ ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದೇ ಇಲ್ಲ.

“ಇದು ಮನಿಪ್ಲಾಂಟಿನ ಇನ್ನೊಂದು ಜಾತಿ”

ಮನಿಪ್ಲಾಂಟ್ ಬೇರೆಯೇ ಕುಲ, ಎಪಿಪ್ರೆಮ್ನಮ್. ಅದರ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಗುರುತಿಸಲು ಹೊಸ ಎಲೆ ಹೊರಬರುವುದನ್ನು ನೋಡಬೇಕು. ಫಿಲೋಡೆಂಡ್ರಾನಿನ ಎಳೆಯೆಲೆ ಒಂದು ತೆಳು ಪೊರೆಯೊಳಗೆ ಸುತ್ತಿಕೊಂಡು ಬರುತ್ತದೆ. ಎಲೆ ಬಿಚ್ಚಿದ ಮೇಲೆ ಆ ಪೊರೆ ಕಾಗದದಂತೆ ಒಣಗಿ ಉದುರುತ್ತದೆ. ಮನಿಪ್ಲಾಂಟಿಗೆ ಅಂಥ ಪೊರೆ ಇಲ್ಲ, ಎಲೆ ದಪ್ಪ, ಮೇಣ ಸವರಿದ ಹೊಳಪು, ತೊಟ್ಟಿನ ಮೇಲೊಂದು ಗೀರಿನಂಥ ಕಾಲುವೆ. ಆರೈಕೆಯಲ್ಲಿ ಎರಡಕ್ಕೂ ಹೆಚ್ಚಿನ ಭೇದವಿಲ್ಲದ್ದರಿಂದ ಈ ಗೊಂದಲದಿಂದ ನಷ್ಟವೇನಿಲ್ಲ. ಕದ್ದು ತಂದರೆ ಮಾತ್ರ ಹುಲುಸಾಗಿ ಬೆಳೆಯುತ್ತದೆ ಎಂಬ ನಂಬಿಕೆಗಂತೂ ಎರಡೂ ಸಮಾನವಾಗಿ ಬಲಿಯಾಗಿವೆ.

ನಷ್ಟವಾಗುವ ಗೊಂದಲ ಇನ್ನೊಂದಿದೆ. ಸೀಳು ಸೀಳಾದ ದೊಡ್ಡ ಎಲೆಯ, ‘ಸೆಲ್ಲೋಮ್’ ಎಂದು ಮಾರುವ ಗಿಡವನ್ನೂ ಫಿಲೋಡೆಂಡ್ರಾನ್ ಎಂದೇ ಕರೆಯುತ್ತಾರೆ. 2018ರಲ್ಲಿ ಸಸ್ಯವಿಜ್ಞಾನಿಗಳು ಅದನ್ನು ಥೌಮಾಟೋಫಿಲಮ್ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದರು. ಅದು ಬಳ್ಳಿಯಂತೆ ಕಂಬ ಹಬ್ಬುವುದಿಲ್ಲ, ದಪ್ಪ ಕಾಂಡ ಬೆಳೆಸಿ ಆಳಗಲ ಹರಡುತ್ತದೆ, ಬಿಸಿಲನ್ನೂ ಹೆಚ್ಚು ತಡೆಯುತ್ತದೆ. ಅದನ್ನು ತಂದು ಟಿವಿ ಪಕ್ಕದ ಮೂಲೆಯಲ್ಲಿಟ್ಟರೆ ಎರಡು ವರ್ಷದಲ್ಲಿ ಟಿವಿ ಜಾಗ ಬದಲಿಸಬೇಕಾಗುತ್ತದೆ. ಇನ್ನು ತೂತು ಬಿದ್ದ ಎಲೆಯ ಮಾನ್‌ಸ್ಟೆರಾ ಮೂರನೆಯ ಗಿಡ, ಮೆಕ್ಸಿಕೋ ಕಡೆಯದು. ನಮ್ಮ ಘಟ್ಟದ ಕಾಡಿನಲ್ಲೇ ಮರ ಹತ್ತುವ ರ‍್ಯಾಫಿಡೊಫೊರಾ ಪರ್ಟುಸಾ ಎಂಬ ತೂತೆಲೆಯ ಬಳ್ಳಿಯಿದೆ. ತೋಟದಂಚಿನ ಹಳೆಯ ಮರದ ಮೇಲೆ ಅದನ್ನು ಕಂಡು, ಯಾರೋ ಪೇಟೆಯಿಂದ ತಂದ ಗಿಡ ಕಾಡುಬಿದ್ದಿದೆ ಎಂದುಕೊಳ್ಳಬಾರದು. ಅದು ಇಲ್ಲಿಯದೇ.

“ನೆರಳಿನ ಗಿಡ, ಕತ್ತಲೆ ಮೂಲೆಯಲ್ಲಿಟ್ಟರೂ ನಡೆಯುತ್ತೆ”

ಸಾಯುವುದಿಲ್ಲ ಎಂಬುದು ನಿಜ. ಬೆಳೆಯುವುದೂ ಇಲ್ಲ. ಗೆಣ್ಣಿಗೂ ಗೆಣ್ಣಿಗೂ ನಡುವೆ ಗೇಣುದ್ದ ಬರಿಗಾಂಡ, ತುದಿಯಲ್ಲಿ ರೂಪಾಯಿಯಗಲದ ಎಲೆ: ಹಂಚಿನ ಮನೆಯ ನಡುಕೋಣೆಯಲ್ಲಿ ಇಟ್ಟ ಬಳ್ಳಿಯ ಅವಸ್ಥೆ ಇದು.

ಕಾಫಿ ಸೀಮೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಮರಗಸಿ ಆದ ಮೇಲೆ ಕಾಫಿಗಿಡದ ಮೇಲೆ ಬೀಳುವ ಬೆಳಕು ಎಷ್ಟೋ ಅಷ್ಟು ಬೇಕು. ಮಳೆಗೆ ಮುಂಚೆ ನೆರಳುಮರದ ಕೊಂಬೆ ತೆಗೆಸುವುದು ಏಕೆ? ಮೋಡದ ತಿಂಗಳುಗಳಲ್ಲಿ ನೆರಳು ಹೆಚ್ಚಾಗಿ ಕಾಫಿಯೂ ಮೆಣಸೂ ಮಂಕಾಗಬಾರದೆಂದು. ಮನೆಯೊಳಗಿನ ಗಿಡಕ್ಕೂ ಇದೇ ಲೆಕ್ಕ. ಜೂನ್ ಬಂತೆಂದರೆ ಕುಂಡವನ್ನು ಒಳಕ್ಕೆ ಎಳೆಯದೆ ಕಿಟಕಿಯ ಹತ್ತಿರಕ್ಕೆ, ಜಗಲಿಯ ಅಂಚಿಗೆ ಸರಿಸಬೇಕು. ಇರಚಲು ಹೊಡೆಯದಂತೆ ನೋಡಿಕೊಂಡರೆ ಸಾಕು. ದೀಪ ಹಾಕದೆ ಮಧ್ಯಾಹ್ನ ಪೇಪರು ಓದಲು ಆಗದ ಜಾಗದಲ್ಲಿ ಫಿಲೋಡೆಂಡ್ರಾನ್ ಇಡಬಾರದು.

ವಿಡಿಯೊಗಳು ದಾರಿ ತಪ್ಪಿಸುವುದು ಕಿಟಕಿಯ ದಿಕ್ಕಿನ ವಿಷಯದಲ್ಲಿ. ದಕ್ಷಿಣದ ಕಿಟಕಿಗೆ ವರ್ಷವಿಡೀ ಬಿಸಿಲು, ಉತ್ತರದ ಕಿಟಕಿಗೆ ಬಿಸಿಲೇ ಇಲ್ಲ ಎಂದು ಅವರು ಹೇಳುತ್ತಾರೆ. ಲಂಡನ್ನಿನಲ್ಲಿ ಅದು ಸರಿ. ಬೇಲೂರು ತಾಲ್ಲೂಕು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಬೇಸಿಗೆಯಲ್ಲಿ ಉತ್ತರದ ಗೋಡೆಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ತಾಗುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಜಗಲಿಯೊಳಗೆ ಬಿಸಿಲು ದೂರ ನುಗ್ಗುತ್ತದೆ. ಎಲೆ ಸುಡುವುದು ಹೆಚ್ಚಾಗಿ ಫೆಬ್ರುವರಿಯಿಂದ ಹೂಮಳೆ ಬೀಳುವವರೆಗಿನ ಪಡುವಣ ಬಿಸಿಲಿಗೆ. ಪೂರ್ವದ ಜಗಲಿ ಇದ್ದವರು ಅದೃಷ್ಟವಂತರು, ಅವರು ಕುಂಡ ಎತ್ತಿಡುವ ಕೆಲಸವೇ ಇಲ್ಲ.

ಇಲ್ಲೊಂದು ಸ್ವಾರಸ್ಯ. ಕೋಸ್ಟರಿಕಾದ ಕಾಡಿನಲ್ಲಿ ಮಾನ್‌ಸ್ಟೆರಾದ ಮೊಳಕೆಗಳನ್ನು ಗಮನಿಸಿದ ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ, ಅವು ಬೆಳಕಿನ ಕಡೆ ಹೋಗದೆ ಕತ್ತಲೆಯ ಕಡೆ ತೆವಳುವುದನ್ನು 1975ರಲ್ಲಿ ಪ್ರಕಟಿಸಿದರು. ಕಾಡಿನ ನೆಲದಲ್ಲಿ ಅತಿ ಕಪ್ಪಾಗಿ ಕಾಣುವುದು ದಪ್ಪ ಮರದ ಬೊಡ್ಡೆ. ಅದನ್ನು ಹುಡುಕಿ ಹತ್ತಲು ಈ ಉಪಾಯ. ಬೊಡ್ಡೆ ಸಿಕ್ಕಿದ ಮೇಲೆ ಬಳ್ಳಿ ಬೆಳಕಿನತ್ತ ತಿರುಗುತ್ತದೆ. ಫಿಲೋಡೆಂಡ್ರಾನಿನ ಕುಟುಂಬದ ಈ ಬಳ್ಳಿ ಕತ್ತಲೆಗೆ ಹೋಗುವುದು ಅಲ್ಲೇ ಉಳಿಯಲಿಕ್ಕಲ್ಲ.

“ವಾರಕ್ಕೆ ಎರಡು ಸಲ ನೀರು ಹಾಕಬೇಕು”

ಮನೆಯ ಬಳ್ಳಿಗಳು ಸಾಯುವ ಮುಖ್ಯ ಕಾರಣ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೆಣಸಿಗೆ ಬರುವ ಶೀಘ್ರ ಸೊರಗು ರೋಗ ಯಾರಿಗೆ ಗೊತ್ತಿಲ್ಲ? ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮಳೆಗಾಲದ ನಿಂತ ನೀರಿನಲ್ಲಿ ಈಜಿ ಬೇರಿಗೂ ಬುಡಕ್ಕೂ ಹತ್ತುತ್ತದೆ. ನಿನ್ನೆ ಹಸಿರಾಗಿದ್ದ ಬಳ್ಳಿ ನಾಲ್ಕು ದಿನದಲ್ಲಿ ಎಲೆ ಸುರಿದು ನಿಲ್ಲುತ್ತದೆ. ಅದಕ್ಕೇ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ, ಅದಕ್ಕೇ ಬೋರ್ಡೋ ದ್ರಾವಣ. ಕುಂಡದೊಳಗೂ ಫೈಟಾಫ್ತೊರಾ ಮತ್ತು ಅದರ ದಾಯಾದಿ ಪಿಥಿಯಮ್ ಇದೇ ಕೆಲಸ ಮಾಡುತ್ತವೆ. ವ್ಯತ್ಯಾಸ ಇಷ್ಟೆ: ತೋಟದಲ್ಲಿ ನೀರು ಸುರಿಸುವುದು ಆಕಾಶ, ಮನೆಯಲ್ಲಿ ಸುರಿಸುವುದು ನಾವು. ಬೇರು ಕೊಳೆತ ಗಿಡ ನೀರು ಹೀರಲಾರದೆ ಬಾಡುತ್ತದೆ. ಬಾಡಿದ್ದು ಕಂಡು ಮನೆಯವರು ಇನ್ನೊಂದು ಚೊಂಬು ನೀರು ಹಾಕುತ್ತಾರೆ.

ದಿನದ ಲೆಕ್ಕ ಬಿಟ್ಟು ಬೆರಳಿನ ಲೆಕ್ಕ ಹಿಡಿಯಬೇಕು. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ. ಅಲ್ಲಿ ಒಣಗಿದ್ದರೆ ನೀರು, ತಂಪಿದ್ದರೆ ಬೇಡ. ಹಾಕುವಾಗ ಧಾರಾಳವಾಗಿ, ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಹೀಗೆ ಮಾಡಿದರೆ ಜುಲೈ ತಿಂಗಳ ಅರೇಹಳ್ಳಿಯಲ್ಲಿ ಹದಿನೈದು ದಿನವಾದರೂ ನೀರು ಬೇಡವಾಗಬಹುದು. ಅದೇ ಗಿಡ ಅರಸೀಕೆರೆಯ ಮನೆಯಲ್ಲಿದ್ದರೆ ಏಪ್ರಿಲಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಕೇಳುತ್ತದೆ. ಜಿಲ್ಲೆ ಒಂದೇ; ಒಂದು ತುದಿಯಲ್ಲಿ ಕಾಫಿ, ಇನ್ನೊಂದು ತುದಿಯಲ್ಲಿ ತೆಂಗು, ನಡುವೆ ಹಳೇಬೀಡಿನ ಜೋಳ, ಶುಂಠಿ. ಹಾಸನ ಜಿಲ್ಲೆಗೇ ಒಂದು ನಿಯಮ ಹೇಳಲಾಗದಿರುವಾಗ ಇಡೀ ಲೋಕಕ್ಕೆ ‘ವಾರಕ್ಕೆ ಎರಡು ಸಲ’ ಹೇಗೆ ಹೇಳುವುದು? ಕುಂಡದ ಆಯ್ಕೆಯಲ್ಲೂ ಹಾಗೆಯೇ. ಮಲೆನಾಡಿನ ಕಡೆ ಬೇಗ ಆರುವ ಮಣ್ಣಿನ ಕುಂಡ ಒಳ್ಳೆಯದು, ಪಾಚಿ ಕಟ್ಟಿದರೆ ಕಟ್ಟಲಿ. ಬಯಲುಸೀಮೆಗೆ ಪ್ಲಾಸ್ಟಿಕ್ಕೇ ವಾಸಿ.

ಕೊಳೆತ ವಾಸನೆ ಬಂದರೆ ಗಿಡವನ್ನು ಕಿತ್ತು ಬೇರು ತೊಳೆದು ನೋಡಬೇಕು. ಬಿಳಿಯಾಗಿ ಗಟ್ಟಿಯಿದ್ದದ್ದು ಬದುಕಿದೆ. ಕಪ್ಪಾಗಿ ಹಿಸುಕಿದರೆ ಸಿಪ್ಪೆ ಜಾರುವುದನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಬೇಕು. ತೋಟಕ್ಕೆ ಹೊಡೆದು ಉಳಿದ ಬೋರ್ಡೋವನ್ನು ಮಾರನೆಯ ದಿನ ಕುಂಡಕ್ಕೆ ಸುರಿಯುವವರುಂಟು. ಬೋರ್ಡೋ ಕಲಸಿದ ದಿನವೇ ಮುಗಿಸಬೇಕಾದ ದ್ರಾವಣ, ಅದೂ ರೋಗ ಬಾರದಂತೆ ತಡೆಯುವುದಕ್ಕೆ. ಕೊಳೆತ ಬೇರನ್ನು ಅದು ಮರಳಿ ತರದು.

“ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತೆ”

ಎಷ್ಟೋ ತಲೆಮಾರಿನ ರೂಢಿ, ಆದರೂ ತಪ್ಪು. ನುಣ್ಣನೆಯ ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೆಳಗೆ ಜಲ್ಲಿಯ ದೊಡ್ಡ ಸಂದು ಬಂದಲ್ಲಿ ನೀರು ಸುಲಭವಾಗಿ ಇಳಿಯದೆ, ಮಣ್ಣು ಪೂರಾ ಒದ್ದೆಯಾಗಿ ತುಂಬುವವರೆಗೆ ಅಲ್ಲೇ ನಿಲ್ಲುತ್ತದೆ. ಮೊದಲು ಕುಂಡದ ತಳದಲ್ಲಿದ್ದ ಕೆಸರಿನ ಪದರವನ್ನು ನಾವೇ ಮೇಲೆತ್ತಿ ಬೇರಿನ ಹತ್ತಿರ ತಂದಂತಾಯಿತು. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಸಾಕು. ದೊಡ್ಡ ಕುಂಡದಲ್ಲಿ ಗಿಡ ಬೇಗ ದೊಡ್ಡದಾಗುತ್ತದೆ ಎಂಬುದೂ ಇಂಥದೇ ಮಾತು. ಬೇರು ತಲುಪದ ಮಣ್ಣಿನಲ್ಲಿ ನೀರು ಕುಡಿಯುವವರಿಲ್ಲ, ಅದು ಹುಳಿಯುತ್ತಾ ಕೂತಿರುತ್ತದೆ. ಈಗಿನ ಕುಂಡಕ್ಕಿಂತ ಎರಡಿಂಚು ಅಗಲವಿದ್ದರೆ ಬೇಕಾದಷ್ಟಾಯಿತು.

“ತೋಟದ ಮಣ್ಣೇ ಚಿನ್ನ, ಬೇರೆ ಏನೂ ಬೇಡ”

ತೋಟದಲ್ಲಿ ಅದು ಚಿನ್ನವೇ, ಏಕೆಂದರೆ ಅಲ್ಲಿ ಎಲೆ ಉದುರುತ್ತದೆ, ಎರೆಹುಳು ಉಳುತ್ತದೆ. ಕುಂಡಕ್ಕೆ ತುಂಬಿ ಮೂರು ತಿಂಗಳು ನೀರು ಹೊಯ್ದರೆ ಅದೇ ಕೆಂಪುಮಣ್ಣು ಇಟ್ಟಿಗೆಯಂತಾಗುತ್ತದೆ. ಮರದ ತೊಗಟೆಯ ಮೇಲೆ, ಕೊಳೆತ ಎಲೆಯ ಸಂದಿನಲ್ಲಿ ಬೇರಾಡಿಸಿ ಅಭ್ಯಾಸವಾದ ಗಿಡಕ್ಕೆ ಬೇಕಾದದ್ದು ಗಾಳಿ. ಮೆಣಸಿನ ನರ್ಸರಿ ಚೀಲಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸುತ್ತಾರಲ್ಲ, ಅದರಲ್ಲಿ ಮಣ್ಣನ್ನು ಅರ್ಧ ಮಾಡಿ ಆ ಜಾಗಕ್ಕೆ ತೆಂಗಿನ ನಾರಿನ ಪುಡಿಯನ್ನೂ ಒಂದಿಷ್ಟು ಇದ್ದಿಲು ಚೂರನ್ನೂ ಸೇರಿಸಿದರೆ ಫಿಲೋಡೆಂಡ್ರಾನಿಗೆ ಹೊಂದುತ್ತದೆ. ನಾರಿನ ಪುಡಿಗೆ ದೂರ ಹೋಗಬೇಕಿಲ್ಲ, ಅರಸೀಕೆರೆ, ತಿಪಟೂರು ಕಡೆ ತೆಂಗಿಗೇನು ಬರ? ಹಸಿ ಪುಡಿಯಲ್ಲಿ ಉಪ್ಪಿನಂಶವೂ ಒಗರೂ ಇರುವುದರಿಂದ ಎರಡು ಮೂರು ನೀರು ಬದಲಿಸಿ ನೆನೆಸಿ ಹಿಂಡಿಯೇ ಬಳಸಬೇಕು. ಪಲ್ಪರಿನಿಂದ ಬಿದ್ದ ಕಾಫಿ ಸಿಪ್ಪೆಯನ್ನು ಹಸಿಯಾಗಿ ಹಾಕಬಾರದು. ಹುದುಗಿ, ಕಾವು ಏರಿ, ಬೇರನ್ನು ಬೇಯಿಸುತ್ತದೆ. ಪೂರ್ತಿ ಕೊಳೆತು ಮಣ್ಣುವಾಸನೆ ಬಂದ ಮೇಲೆ ಅದೇ ಒಳ್ಳೆಯ ಗೊಬ್ಬರ.

“ಗಾಳಿಬೇರು ಅಸಹ್ಯ, ಕತ್ತರಿಸಿ, ಬಳ್ಳಿ ಜೋತಾಡಿದರೇ ಚಂದ”

ಮೆಣಸಿನ ಬಳ್ಳಿಯ ಗೆಣ್ಣಿನ ಬೇರನ್ನು ಕತ್ತರಿಸಿ ಎಂದು ಯಾರಾದರೂ ಅಂದರೆ ಬೆಳೆಗಾರರು ಅವರನ್ನು ಅಂಗಳಕ್ಕೂ ಸೇರಿಸರು. ಬಳ್ಳಿ ಮರಕ್ಕೆ ಅಂಟಿ ಏರುವುದೇ ಆ ಬೇರಿನಿಂದ. ಆಸರೆ ಸಿಗದೆ ಕೆಳಗೆ ಜೋತುಬಿದ್ದ ಮೆಣಸಿನ ಎಳೆ ಫಸಲು ಕೊಡದು ಎಂಬುದೂ ಗೊತ್ತಿರುವ ಸಂಗತಿ. ಫಿಲೋಡೆಂಡ್ರಾನಿನಲ್ಲಿ ಫಸಲಿನ ಜಾಗದಲ್ಲಿ ಎಲೆಯನ್ನಿಟ್ಟು ನೋಡಿ. ಏರುವ ಬಳ್ಳಿಯ ಎಲೆ ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಹೋಗುತ್ತದೆ, ಜೋತ ಬಳ್ಳಿಯ ಎಲೆ ಕಿರಿದಾಗುತ್ತಾ ಬರುತ್ತದೆ. ಇದಕ್ಕೆ ಸಾಕ್ಷಿ ಬೇಕಿದ್ದವರು, ಯಾವಾಗಲೋ ಬೇಲಿಗೆ ಎಸೆದ ಮನಿಪ್ಲಾಂಟ್ ಸಿಲ್ವರ್ ಓಕ್ ಹತ್ತಿದ್ದರೆ ಕತ್ತೆತ್ತಿ ನೋಡಲಿ. ಬಾಟಲಿಯಲ್ಲಿ ಅಂಗೈಗಿಂತ ಸಣ್ಣಗಿದ್ದ ಎಲೆ ಅಲ್ಲಿ ಮೊರದಗಲ ಹರಡಿ, ಅಂಚು ಸೀಳಿಕೊಂಡಿರುತ್ತದೆ. ಬೇರೆ ಗಿಡವೆಂದು ಆಣೆ ಇಡುವಷ್ಟು ರೂಪ ಬದಲಾಗುತ್ತದೆ. (ಹಾಗೆ ಬೇಲಿಗೆ ಎಸೆಯುವುದು ಒಳ್ಳೆಯದಲ್ಲ, ಮೆಣಸಿನ ಮರವನ್ನೂ ಕಾಡನ್ನೂ ಅದು ಆವರಿಸಿಕೊಳ್ಳುತ್ತದೆ.)

ಏರಿಸಲು ಪೇಟೆಯ ದುಬಾರಿ ಪಾಚಿಕಂಬ ಕೊಳ್ಳಬೇಕೆಂಬುದು ಇದರ ಹಿಂದೆಯೇ ಬರುವ ಇನ್ನೊಂದು ತಪ್ಪು. ಒರಟಾಗಿದ್ದು, ತೇವ ಹಿಡಿಯುವಂಥದ್ದು ಯಾವುದಾದರೂ ಆದೀತು. ಅಡಿಕೆ ದಬ್ಬೆಗೆ ತೆಂಗಿನ ನಾರು ಒತ್ತೊತ್ತಾಗಿ ಸುತ್ತಿ, ಬಾಳೆನಾರಿನಿಂದ ಬಿಗಿದು ಕುಂಡದ ನಡುವೆ ನಿಲ್ಲಿಸಿದರೆ ಕಂಬ ಸಿದ್ಧ. ದಬ್ಬೆ ಹಲವು ಮಳೆಗಾಲ ತಾಳುತ್ತದೆ. ಬಳ್ಳಿ ಕಟ್ಟುವಾಗ ಗೆಣ್ಣು ನಾರಿಗೆ ತಾಗಬೇಕು, ಕಟ್ಟು ಸಡಿಲವಿರಬೇಕು. ಕಂಬಕ್ಕೂ ನೀರು ಚಿಮುಕಿಸಿದರೆ ಬೇರು ತಾನಾಗಿ ಹಿಡಿಯುತ್ತದೆ. ಮಳೆಗಾಲ ಹಿಡಿದ ಮೇಲೆ ಮೆಣಸಿನ ಬಳ್ಳಿ ಕಟ್ಟಲು ಬರುವ ಆಳು ಅರ್ಧ ಗಂಟೆಯಲ್ಲಿ ಈ ಕೆಲಸವನ್ನೂ ಮುಗಿಸಿಕೊಡಬಲ್ಲರು. ಅವರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾವ ವಿಡಿಯೊದಲ್ಲೂ ಇಲ್ಲ. ಕಂಬ ಇಡಲು ಜಾಗವಿಲ್ಲದೆ ಜೋತಾಡಿಸಿಯೇ ಇಡಬೇಕೆಂದಿದ್ದರೆ ಇಡಿ, ತಪ್ಪೇನಿಲ್ಲ. ಆಗಾಗ ತುದಿ ಚಿವುಟಿದರೆ ಬುಡದಲ್ಲಿ ಹೊಸ ಕವಲೊಡೆದು ತುಂಬಿಕೊಳ್ಳುತ್ತದೆ.

“ದಿನಾ ಎಲೆಗೆ ನೀರು ಸಿಂಪಡಿಸಬೇಕು”

ಶಾಖಯಂತ್ರ ಹಾಕಿ ಮನೆಯ ಗಾಳಿಯನ್ನು ಒಣಗಿಸಿಕೊಳ್ಳುವ ದೇಶದ ಚಿಂತೆ ಇದು. ಅಲ್ಲೂ ಸಿಂಪಡಿಸಿದ ತೇವ ಕೆಲವೇ ನಿಮಿಷ ಉಳಿಯುತ್ತದೆ. ಬಟ್ಟೆಯೇ ಒಣಗದ ಆಷಾಢದಲ್ಲಿ ಎಲೆ ಒದ್ದೆ ಮಾಡಿದರೆ ಬ್ಯಾಕ್ಟೀರಿಯದ ಕೊಳೆಚುಕ್ಕೆಗೆ ಆಹ್ವಾನ ಕೊಟ್ಟಂತೆ. ಎಲೆಗೆ ಕೊಬ್ಬರಿ ಎಣ್ಣೆಯನ್ನೋ ಹಾಲನ್ನೋ ಸವರಿ ಹೊಳೆಸುವುದೂ ಬೇಡ, ದೂಳು ಮೆತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

“ಕಾಫಿ ಚರಟ ಹಾಕಿ, ಎಲೆ ಹಳದಿಯಾದರೆ ಯೂರಿಯಾ ಹಾಕಿ”

ಕಾಫಿ ನಾಡಿನಲ್ಲಿ ಫಿಲ್ಟರಿನ ಚರಟಕ್ಕೆ ಕೊರತೆಯಿಲ್ಲ. ಅದರಿಂದ ಮಣ್ಣು ಹುಳಿಯಾಗಿ ಗಿಡಕ್ಕೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯಿದೆ. ಹುಳಿಯ ಅಂಶ ಬಹುಪಾಲು ಡಿಕಾಕ್ಷನ್ನಿನ ಜೊತೆ ನಮ್ಮ ಹೊಟ್ಟೆಗೆ ಹೋಗಿರುತ್ತದೆ. ಉಳಿದ ಚರಟದಲ್ಲಿ ಸಾರಜನಕ ಶೇ 2ರ ಆಸುಪಾಸು, ಅದೂ ಕೊಳೆತ ಮೇಲೆ ಸಿಗುವಂಥದ್ದು. ಕುಂಡದ ಮೇಲೆ ದಿನಾ ಸುರಿದರೆ ಹೆಪ್ಪುಗಟ್ಟಿ ನೀರಿಳಿಯದೆ ಬೂಷ್ಟು ಹಿಡಿಯುತ್ತದೆ. ಗೊಬ್ಬರದ ಗುಂಡಿಗೆ ಹಾಕಿ, ಅಲ್ಲಿಂದ ಬರಲಿ.

ಯೂರಿಯಾ ಇನ್ನೂ ಅಪಾಯ. ತೋಟದ ಮನೆಯ ಗೋದಾಮಿನಲ್ಲಿ ಮೂಟೆ ಇರುತ್ತದೆ, ಒಂದು ಹಿಡಿ ತಂದು ಹಾಕುವುದು ಸಲೀಸು. ಶೇ 46ರಷ್ಟು ಸಾರಜನಕವಿರುವ ಆ ಹಿಡಿ ಸಣ್ಣ ಕುಂಡದ ಬೇರನ್ನು ಸುಡಲು ಸಾಕು. ನಿಜವೆಂದರೆ ಬುಡದ ಒಂದು ಹಳೆಯ ಎಲೆ ಹಳದಿಯಾಗುವುದು ವಯಸ್ಸಿನ ಧರ್ಮ. ನಾಲ್ಕಾರು ಎಲೆ ಒಟ್ಟಿಗೆ ಹಳದಿಯಾದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಗೊಬ್ಬರ ಬೇಕೇ ಬೇಕೆಂದರೆ ನೀರಿನಲ್ಲಿ ಕರಗುವ 19:19:19 ಅನ್ನು ಲೀಟರಿಗೆ 1 ಗ್ರಾಂ ಕರಗಿಸಿ, ಗಿಡ ಚಿಗುರುತ್ತಿರುವ ತಿಂಗಳುಗಳಲ್ಲಿ ಒಮ್ಮೊಮ್ಮೆ. ಮೋಡ ಕವಿದ ಕಾಲದಲ್ಲಿ ಕೈ ಬಿಗಿಹಿಡಿಯಿರಿ.

“ಎಲೆತುದಿಯಲ್ಲಿ ನೀರು ತೊಟ್ಟಿಕ್ಕುತ್ತೆ, ಇರುವೆ ಬರುತ್ತೆ: ರೋಗ ಬಂತು”

ತಂಪು ರಾತ್ರಿ ಬೇರು ನೀರು ದಬ್ಬಿದಾಗ, ಆವಿಯಾಗಲು ಜಾಗವಿಲ್ಲದೆ ಎಲೆತುದಿಯಲ್ಲಿ ಹನಿಯಾಗಿ ಹೊರಬರುತ್ತದೆ. ಗದ್ದೆಬದುವಿನ ಕೆಸುವಿನಲ್ಲಿ ಬೆಳಗ್ಗೆ ಕಾಣುವುದೂ ಇದನ್ನೇ. ಮಣ್ಣು ಚೆನ್ನಾಗಿ ಒದ್ದೆಯಿದೆ ಎಂಬ ಸೂಚನೆಯಷ್ಟೆ. ಎಳೆಚಿಗುರಿನಲ್ಲಿ ಕಾಣುವ ಅಂಟುಹನಿ ಬೇರೆ; ಫಿಲೋಡೆಂಡ್ರಾನಿಗೆ ಹೂವಿನ ಹೊರಗೂ ಜೇನುಗ್ರಂಥಿಗಳಿವೆ, ಇರುವೆ ಬರುವುದು ಅದಕ್ಕೆ. ಆದರೂ ಎಲೆಯ ಅಡಿ, ಗೆಣ್ಣಿನ ಸಂದು ಒಮ್ಮೆ ನೋಡಿ. ಬಿಳಿ ಹತ್ತಿಯಂಥದ್ದು ಇದ್ದರೆ ಅದು ಹಿಟ್ಟು ತಿಗಣೆ, ಕಾಫಿಗೆ ಬರುವವುಗಳ ಬಳಗದ್ದೇ. ಸೋಪಿನ ನೀರು ಮುಟ್ಟಿಸಿದ ಬಟ್ಟೆಯಿಂದ ಒರೆಸಿ, ಆಮೇಲೆ ಬೇವಿನೆಣ್ಣೆ.

“ಮನೆಯ ಗಾಳಿ ಶುದ್ಧ ಮಾಡುತ್ತೆ, ನಾಸಾ ಹೇಳಿದೆ”

ನಾಸಾ ಹೇಳಿದ್ದೇನು ಎಂದು ನೋಡಬೇಕು. 1989ರ ವರದಿಯಲ್ಲಿ ಬಿ.ಸಿ. ವುಲ್ವರ್ಟನ್ ಮತ್ತು ಸಂಗಡಿಗರು ಫಿಲೋಡೆಂಡ್ರಾನ್ ಸೇರಿದಂತೆ ಹಲವು ಗಿಡಗಳನ್ನು ಗಾಳಿಯಾಡದ ಪೆಟ್ಟಿಗೆಗಳಲ್ಲಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಆವಿ ಎಷ್ಟು ಇಳಿಯುತ್ತದೆಂದು ಅಳೆದರು. ಇಳಿದದ್ದು ನಿಜ. ಆ ಪೆಟ್ಟಿಗೆಗೂ ನಮ್ಮ ಮನೆಗೂ ಏನು ಸಂಬಂಧ? ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2019ರಲ್ಲಿ ಇಂಥ 196 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಲೆಕ್ಕ ಹಾಕಿದರು. ಕಿಟಕಿ ಬಾಗಿಲಿನಿಂದ ಸಾಮಾನ್ಯವಾಗಿ ಓಡಾಡುವ ಗಾಳಿಯಷ್ಟೇ ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಬಂತು. ಹೆಂಚಿನ ಸಂದಿಯಲ್ಲೇ ಗಾಳಿ ಆಡುವ ಮಲೆನಾಡಿನ ಮನೆಗೆ ಈ ಸೇವೆ ಬೇಕಾಗಿಯೂ ಇಲ್ಲ. ಒಲೆಯ ಹೊಗೆ ಹೋಗಬೇಕೆಂದರೆ ಹೊಗೆಗೂಡು ಸರಿಮಾಡಿಸಬೇಕು. ಇದಕ್ಕೆ ತದ್ವಿರುದ್ಧವಾಗಿ, ಮಲಗುವ ಕೋಣೆಯಲ್ಲಿ ಗಿಡ ಇಟ್ಟರೆ ರಾತ್ರಿ ಉಸಿರು ಕಟ್ಟುತ್ತದೆ ಎನ್ನುವ ಹಿರಿಯರೂ ಇದ್ದಾರೆ. ಗಿಡ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿದವರು ಬಿಡುವುದರ ಮುಂದೆ ಲೆಕ್ಕಕ್ಕಿಲ್ಲ. ನೋಡಲು ಚಂದ ಎಂಬ ಕಾರಣಕ್ಕೆ ಗಿಡ ಇಡಬಹುದಲ್ಲ, ಅದಕ್ಕೆ ನಾಸಾದ ಅಪ್ಪಣೆ ಯಾಕೆ?

“ಮುಟ್ಟಿದರೆ ವಿಷ” ಎನ್ನುವವರು, “ಏನೂ ಆಗಲ್ಲ” ಎನ್ನುವವರು

ಇಬ್ಬರೂ ತಪ್ಪು. ಕೆಸು ಕೊಯ್ದ ಕೈ ತುರಿಸುವುದು, ಸರಿಯಾಗಿ ಬೇಯದ ಸುವರ್ಣಗಡ್ಡೆ ಗಂಟಲು ಕೆರೆಯುವುದು ಯಾವುದರಿಂದಲೋ, ಅದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಫಿಲೋಡೆಂಡ್ರಾನಿನಲ್ಲೂ ಇವೆ. ಎಲೆ ಮುಟ್ಟಿದರೆ ಏನೂ ಇಲ್ಲ. ಕತ್ತರಿಸುವಾಗ ರಸ ತಾಗಿದರೆ ಕೆಲವರಿಗೆ ತುರಿಕೆ, ಕೈಗವಸು ಹಾಕಿಕೊಂಡರೆ ಆಯಿತು. ಅಗಿದರೆ ಬಾಯಿ, ತುಟಿ, ನಾಲಿಗೆ ಉರಿದು ಊದುತ್ತವೆ. ತೆವಳುವ ಮಗುವಿಗೆ, ಬೆಕ್ಕಿಗೆ, ನಾಯಿಗೆ ಎಟುಕದ ಎತ್ತರದಲ್ಲಿ ಇಡಬೇಕು. ಸವರಿದ ಬಳ್ಳಿಯನ್ನು ಕೊಟ್ಟಿಗೆಯ ಮುಂದೆ ಎಸೆಯಬಾರದು. ಮಗು ಅಗಿದಿದ್ದರೆ ಬಾಯೊರೆಸಿ, ನೀರಿನಲ್ಲಿ ತೊಳೆದು, ತಣ್ಣನೆಯ ಹಾಲು ಕೊಡಬಹುದು. ವಾಂತಿ ಮಾಡಿಸಬಾರದು. ಊತ ಹೆಚ್ಚಿ ನುಂಗಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ. ಹುಣಸೆಹುಳಿ ಹಾಕಿ ಕೆಸು ತಿನ್ನುವುದಿಲ್ಲವೇ, ಇದನ್ನೂ ಬೇಯಿಸಿ ನೋಡೋಣ ಎಂಬ ಪ್ರಯೋಗ ಮಾತ್ರ ಬೇಡ.

“ಉಷ್ಣವಲಯದ ಗಿಡ, ನಮ್ಮ ಚಳಿ ತಡೆಯಲ್ಲ”

ತಡೆಯುತ್ತದೆ. ರಾತ್ರಿ 15 ಡಿಗ್ರಿಗಿಂತ ಇಳಿದರೆ ಬೆಳವಣಿಗೆ ನಿಧಾನ, 10ಕ್ಕಿಂತ ಕೆಳಗೆ ಎಲೆಗೆ ಪೆಟ್ಟು. ಜನವರಿಯ ರಾತ್ರಿಗಳಲ್ಲಿ ಜಗಲಿಯ ಅಂಚಿನಿಂದ ಗೋಡೆ ಮಗ್ಗುಲಿಗೆ ತಂದರೆ ಸಾಕು. ಎಲೆಗೆ ಚಳಿಯಾದರೂ ಹೂವಿಗೆ ಚಳಿಯಿಲ್ಲದ ನೆಂಟನೂ ಈ ಬಳಗದಲ್ಲಿದ್ದಾನೆ. ಮೇಲೆ ಹೇಳಿದ ಸೆಲ್ಲೋಮ್, ಹೊರಗೆ 4 ಡಿಗ್ರಿ ಇದ್ದಾಗಲೂ ತನ್ನ ಹೂದಂಡವನ್ನು 38 ಡಿಗ್ರಿಯಷ್ಟು ಬಿಸಿ ಇಟ್ಟುಕೊಳ್ಳುತ್ತದೆಂದು 1972ರಲ್ಲಿ ಅಳೆದು ತೋರಿಸಿದ್ದಾರೆ. ಪರಾಗಸ್ಪರ್ಶಕ್ಕೆ ಬರುವ ದುಂಬಿಗಳಿಗೆ ಆ ಬಿಸಿಯೇ ಕರೆ.

“ಗುಲಾಬಿ ಎಲೆಯ ಗಿಡ ಸಾವಿರಗಟ್ಟಲೆ ಕೊಟ್ಟರೂ ಲಾಭ”

‘ಪಿಂಕ್ ಕಾಂಗೊ’ ಎಂದು ಮಾರುವ ಗಿಡದ ಗುಲಾಬಿ ಬಣ್ಣ ರಾಸಾಯನಿಕ ಕೊಟ್ಟು ಬರಿಸಿದ್ದು, ಕೆಲವು ತಿಂಗಳಲ್ಲಿ ಬರುವ ಎಲೆಗಳೆಲ್ಲ ಹಸಿರು. ‘ಪಿಂಕ್ ಪ್ರಿನ್ಸೆಸ್’ ನಿಜವಾದ ಬಣ್ಣದ್ದೇ, ಆದರೆ ಬಣ್ಣ ಸ್ಥಿರವಲ್ಲ. ಪೂರ್ತಿ ಹಸಿರಾದ ಕವಲನ್ನು ಬಣ್ಣವಿದ್ದ ಗೆಣ್ಣಿನವರೆಗೆ ಕತ್ತರಿಸದಿದ್ದರೆ ಕೊನೆಗೆ ಉಳಿಯುವುದು ಹಸಿರೇ. ಇಷ್ಟು ತಿಳಿದೂ ಕೊಳ್ಳುವವರು ಕೊಳ್ಳಲಿ.

“ಒಂದು ಎಲೆ ಸಿಕ್ಕರೆ ಸಾಕು, ನೀರಿಗೆ ಹಾಕಿದರೆ ಗಿಡ”

ನೆಂಟರ ಮನೆಯಿಂದ ಬರುವಾಗ ಎಲೆಯೊಂದನ್ನು ಚಿವುಟಿ ತರುವವರು ಮೋಸಹೋಗುತ್ತಾರೆ. ಬರಿ ಎಲೆ ತೊಟ್ಟಿನಲ್ಲಿ ಬೇರು ಬಿಟ್ಟು ತಿಂಗಳುಗಟ್ಟಲೆ ಹಸಿರಾಗಿ ಕೂತರೂ ಚಿಗುರುವುದಿಲ್ಲ, ಮೊಗ್ಗಿರುವುದು ಗೆಣ್ಣಿನಲ್ಲಿ. ಮೆಣಸಿನ ಹಬ್ಬುಬಳ್ಳಿಯನ್ನು ಎರಡು ಮೂರು ಗೆಣ್ಣಿಗೆ ಕತ್ತರಿಸಿ ಚೀಲಕ್ಕೆ ನೆಡುವಂತೆ ಇಲ್ಲೂ ಎರಡು ಗೆಣ್ಣು, ಒಂದೋ ಎರಡೋ ಎಲೆ ಇರಲಿ. ಗೆಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಕತ್ತರಿಸಿ, ಒಂದು ಗೆಣ್ಣು ಮಣ್ಣಿನೊಳಗೋ ನೀರಿನೊಳಗೋ ಹೋಗುವಂತೆ ಇಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಬೇರು ಬರುತ್ತದೆ.

ನೀರಿನಲ್ಲೇ ಬೆಳೆಸುವವರಿಗೆ ಒಂದು ಮಾತು. ಬಾಟಲಿಯ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ತಾಣ. 2024ರಲ್ಲಿ ರಾಜ್ಯದಲ್ಲಿ ಡೆಂಗಿ ಹೆಚ್ಚಿದಾಗ ಸರ್ಕಾರ ಸೆಪ್ಟೆಂಬರಿನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ವಿಧಿಸಿತು. ಮೊಟ್ಟೆಯಿಂದ ಸೊಳ್ಳೆಯಾಗಲು ಈಡಿಸ್‌ಗೆ ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಬದಲಿಸಿದರೆ ಸರಿಹೋಯಿತು ಎಂದುಕೊಳ್ಳುವುದೂ ಅರ್ಧ ಸತ್ಯವೇ, ಏಕೆಂದರೆ ಮೊಟ್ಟೆ ಅಂಟಿರುವುದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬಾಟಲಿಯ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಚೆಲ್ಲಿದ ಮೇಲೆ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಬಾಯಿಗೆ ಹತ್ತಿಯನ್ನೋ ತೆಳು ಬಟ್ಟೆಯನ್ನೋ ತುರುಕಿ ಇಡಬೇಕು.